ಆರ್ಡಿಸಳ ಒದೆಬಂಡಿ

ಸ್ಟೆನ್‌ವಿಕ್ ಊರಿನ ಗಂಡಸರಿಗೆ ಒಂದು ಅಭ್ಯಾಸವಿತ್ತು. ಎಲ್ಲೇ ಕೂರಲಿ, ಕೂತ ತಕ್ಷಣ ಜೇಬಿಗೆ ಕೈ ಹಾಕಿ ಗಾಡಿಯ ಕೀ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಮಿಲೋನ ಬಾರಿನಲ್ಲಿ, ಚರ್ಚಿನ ನೆಲಮಾಳಿಗೆಯ ಕಾಫಿಕೂಟದಲ್ಲಿ, ಬೇರೆಯವರ ಅಡುಗೆಮನೆಯಲ್ಲಿ, ಕೊನೆಗೆ ಸಾವಿನ ಮನೆಯಲ್ಲೂ ಅಷ್ಟೇ. ಕೂತರೆ ತೊಡೆಗೆ ಚುಚ್ಚುತ್ತದೆ ಎಂಬುದು ಅವರು ಕೊಡುತ್ತಿದ್ದ ಕಾರಣ. ಅದೆಲ್ಲ ಬುರುಡೆ. ನನಗೂ ಒಂದು ಗಾಡಿಯಿದೆ, ಮನಸ್ಸು ಬಂದಾಗ ಎದ್ದು ಹೋಗುತ್ತೇನೆ ಎಂದು ನಾಲ್ಕು ಜನಕ್ಕೆ ತೋರಿಸುವ ರೀತಿ ಅದು. ಮನೆಯಿಂದ ಮನೆಗೆ ಮೈಲಿ ದೂರ, ಬಸ್ಸಿನ ಮಾತೇ ಇಲ್ಲ. ಉತ್ತರ ಡಕೋಟದ ಆ ಬಯಲಿನಲ್ಲಿ ಗಾಡಿ ಇಲ್ಲದವನನ್ನು ಮನುಷ್ಯರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಇದೇ ಅಭ್ಯಾಸ ಲಿಂಡಾಲ್‌ನ ಕೌಂಟಿ ಕಚೇರಿಯಲ್ಲಿ ಅವರ ಕುತ್ತಿಗೆಗೆ ಬರುತ್ತಿತ್ತು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರ ಲೈಸೆನ್ಸನ್ನು ವರ್ಷದ ಮಟ್ಟಿಗೆ ಕಿತ್ತುಕೊಳ್ಳುತ್ತಿದ್ದರು. ವರ್ಷ ಕಳೆದ ಮೇಲೆ ಅದನ್ನು ವಾಪಸ್ ಕೊಡಬೇಕೋ ಬೇಡವೋ ಎಂದು ವಿಚಾರಣೆ ನಡೆಸಲು ರಾಜಧಾನಿಯಿಂದ ಬೆಲ್ ಎಂಬ ಅಧಿಕಾರಿ ತಿಂಗಳಿಗೊಮ್ಮೆ ಬರುತ್ತಿದ್ದರು. ಸಣ್ಣ ಮೈಯ, ಬೆಳ್ಳಗೆ ಕೂದಲು ಕತ್ತರಿಸಿಕೊಂಡ ಹೆಂಗಸು. ದನಿ ಎತ್ತಿದವರೇ ಅಲ್ಲ. "ಬನ್ನಿ, ಕೂತ್ಕೊಳ್ಳಿ. ಕಾಫಿ ತಗೋತೀರಾ?" ಎನ್ನುತ್ತಿದ್ದರು. ಬಂದವನು ಕೂರುತ್ತಿದ್ದ. ಕೀ ತೆಗೆದು ಮೇಜಿನ ಮೇಲಿಡುತ್ತಿದ್ದ. ಆಮೇಲೆ ಬೆಲ್ ಮೇಡಂ ಕಾಫಿ ಬಗ್ಗಿಸುತ್ತ, "ಈ ವರ್ಷ ಗಾಡಿ ಏನಾದ್ರೂ ಓಡಿಸಿದ್ರಾ?" ಎಂದು ಕೇಳುತ್ತಿದ್ದರು. "ಅಯ್ಯೋ, ಮುಟ್ಟೂ ಇಲ್ಲ ಮೇಡಂ." ಮೇಡಂ ಕೀ ಕಡೆ ನೋಡುತ್ತಿದ್ದರು. ಅವನೂ ನೋಡುತ್ತಿದ್ದ. ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು, ಇನ್ನೊಂದು ವರ್ಷ ಶುರುವಾಗುತ್ತಿತ್ತು.

ಲೀರಾಯ್ ಎಂಬ ಮಹಾಶಯ ತನ್ನ ಗಾಡಿಯನ್ನು ಧಾನ್ಯದ ಗೋದಾಮಿನ ಹಿಂದೆ ಅಡಗಿಸಿಟ್ಟು, ಅಲ್ಲಿಂದ ನಡೆದು ಬಂದು, ಸುಸ್ತಾದವನಂತೆ ಏದುಸಿರು ಬಿಡುತ್ತ ಕೂತು, ಮೊದಲು ಮಾಡಿದ ಕೆಲಸ ಕೀ ತೆಗೆದಿಟ್ಟಿದ್ದು. ಊರಿಗೆ ಬಂದು ಇಂಥ ಕಾರಣಕ್ಕೆ ಸಿಕ್ಕಿಬಿದ್ದೆ ಎಂದು ಬಾಯಿಬಿಡುವಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಆ ಹೆಂಗಸಿಗೆ ಕರುಳೇ ಇಲ್ಲ ಎಂದು ಬೈದು ಸುಮ್ಮನಾಗುತ್ತಿದ್ದರು. ಹಾಗಾಗಿ ಮುಂದಿನವನೂ ಹೋಗಿ ಅದೇ ಹಳ್ಳಕ್ಕೆ ಬೀಳುತ್ತಿದ್ದ. ವಿಚಾರಣೆಗಳಿಗೆ ಸಾಕ್ಷಿಯಾಗಿ ಕೂರುತ್ತಿದ್ದ ಪೊಲೀಸ್ ಕರ್ಟಿಸ್ ವೋಲ್ಡ್ ಎಷ್ಟೋ ಕಾಲದ ಮೇಲೆ ಬಾಯಿಬಿಡದಿದ್ದರೆ ಇದೆಲ್ಲ ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಊರಿನ ಹೆಂಗಸರ ಪೈಕಿ ಮೇಜಿನ ಮೇಲೆ ಕೀ ಇಡುತ್ತಿದ್ದವಳು ಒಬ್ಬಳೇ, ಆರ್ಡಿಸ್ ತೋರ್‌ಸ್ಟಾಡ್. ಐವತ್ತಾರು ವರ್ಷ, ಗಂಡಸರನ್ನು ಮೀರಿಸುವ ಎತ್ತರ, ಸಲಿಕೆಯಗಲದ ಕೈ. ಸ್ಟೆನ್‌ವಿಕ್ ಪಂಚಾಯ್ತಿಯ ಹಿಮ ತೆಗೆಯುವ ಲಾರಿ ಅವಳದು. ಕಾಗದದ ಮೇಲೆ ಪಂಚಾಯ್ತಿಯದೇ, ಆದರೆ ಅವಳದು. ಹಿಂದೆ ಅವಳಪ್ಪ ಓಡಿಸುತ್ತಿದ್ದ, ಅವನ ಮಂಡಿ ಹೋದ ಮೇಲೆ ಇವಳು ಹತ್ತಿ ಕೂತಳು, ಇಳಿಯಲೇ ಇಲ್ಲ. ನಸುಕಿನಲ್ಲಿ ಅವಳ ಲಾರಿಯ ಸದ್ದು ಕೇಳಿದರೆ ಜನ "ಆರ್ಡಿಸ್ ಹೋದ್ಲು" ಎಂದು ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಾಯಿಸುತ್ತಿದ್ದರು. ರಸ್ತೆ ಸರಿಯಿರುತ್ತದೆ ಎಂಬ ಭರವಸೆ. ಮನೆಮನೆಯವರು ದಾರಿಬದಿಯಲ್ಲಿ ನೆಟ್ಟ ಪ್ರತಿ ಅಂಚೆಡಬ್ಬಿಯ ಹತ್ತಿರ, ಅದಕ್ಕೆ ಪೆಟ್ಟಾಗದಂತೆ, ಅವಳು ವೇಗ ತಗ್ಗಿಸಿ ಲಾರಿಯ ಮುಂದಿನ ಹಿಮ ತಳ್ಳುವ ಅಲಗನ್ನು ಒಂದು ಗೇಣು ಎತ್ತುತ್ತಿದ್ದಳು. ಡಯಾಲಿಸಿಸ್‌ಗೆಂದು ಆಸ್ಪತ್ರೆಗೆ ಹೋಗಬೇಕಾದ ಮುದುಕನ ಮನೆಯ ದಾರಿಯನ್ನು ಎಲ್ಲಕ್ಕಿಂತ ಮೊದಲು ಬಿಡಿಸುತ್ತಿದ್ದಳು. ಇದಕ್ಕೆ ಯಾರೂ ಅವಳನ್ನು ಹೊಗಳಿದವರಲ್ಲ. ಹೊಗಳುವುದು ನಮ್ಮ ಕಡೆ ಬೈಗುಳಕ್ಕೆ ಸಮ.

ಅಂಥವಳು ಜಾರಿದ್ದು ಮಿಲೋನ ಬಾರಿನ ಮಾಂಸದ ಲಾಟರಿಯಲ್ಲಿ. ಶನಿವಾರ ಮಧ್ಯಾಹ್ನ ಚೀಟಿ ಎತ್ತುತ್ತಾರೆ, ಗೆದ್ದವರಿಗೆ ಮಂಜುಗಟ್ಟಿದ ಹಂದಿ ತೊಡೆಯೋ ಕೋಳಿಯೋ ಸಿಗುತ್ತದೆ, ಬಂದ ಹಣ ಅಗ್ನಿಶಾಮಕದವರಿಗೆ ಹೋಗುತ್ತದೆ. ಆ ದಿನ ಆರ್ಡಿಸ್‌ಗೆ ಹಂದಿ ತೊಡೆ ಬಂತು. ಗೆದ್ದ ಖುಷಿಗೆ ಒಂದು ಗ್ಲಾಸು, ಗೆಲ್ಲದವರ ಸಮಾಧಾನಕ್ಕೆ ಇನ್ನೊಂದು, ಚಳಿಗಾಲ ಮುಗಿಯಿತಲ್ಲ ಎಂದು ಮತ್ತೊಂದು. ಸಂಜೆ ತನ್ನ ಪಿಕಪ್ ಗಾಡಿ ಹತ್ತಿ ಹೊರಟವಳು ಎರಡನೆಯ ತಿರುವಿನಲ್ಲಿ ಸೀದಾ ಚರಂಡಿಗೆ ಇಳಿಸಿದಳು. ಹಿಂದೆಯೇ ಬಂದವನು ಕರ್ಟಿಸ್. ಅವನಿಗೆ ಲಾರಿ ಓಡಿಸುವುದನ್ನು ಕಲಿಸಿದವಳೇ ಆರ್ಡಿಸ್.

"ಎಷ್ಟು ಕುಡ್ದಿದೀರಾ ಆರ್ಡಿಸ್?"

"ಲೆಕ್ಕ ಇಟ್ಟಿದ್ರೆ ಇಲ್ಯಾಕೆ ನಿಂತಿರ್ತಿದ್ದೆ."

ಕರ್ಟಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನೀವಾಗಿದ್ದಕ್ಕೆ ಬಿಟ್ಬಿಡೋಣ ಅನ್ನಿಸ್ತಿದೆ. ಆದ್ರೆ ಬಿಡಕ್ಕಾಗಲ್ಲ."

"ಬಿಟ್ರೆ ಕಿವಿ ಹಿಂಡ್ತೀನಿ ನೋಡು. ಆ ಹಂದಿ ತೊಡೆ ಮಾತ್ರ ಪಕ್ಕದ್ಮನೆ ಮಾವಿಸ್‌ಗೆ ಕೊಟ್ಬಿಡು, ಕರಗಿ ಹಾಳಾಗತ್ತೆ."

ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಮರುದಿನ ಗಾಡಿ ಎಳೆಸಲು ಹೋದಾಗ ಅವಳು ಕಂಡದ್ದೇ ಬೇರೆ. ಗಾಡಿಯ ಮೂತಿ ಒಂದು ಮರದ ಕಂಬಕ್ಕೆ ತಾಗಿ ನಿಂತಿತ್ತು. ಶಾಲೆಯ ಬಸ್ಸಿಗೆ ಮಕ್ಕಳು ಕಾಯುವ ಜಾಗ ಅದು. ಕಂಬಕ್ಕೆ ಯಾವುದೋ ಮಗು ತನ್ನ ಕೆಂಪು ಮಫ್ಲರ್ ಮರೆತು ಸುತ್ತಿ ಹೋಗಿತ್ತು. ಶನಿವಾರವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಆರ್ಡಿಸ್ ಚರಂಡಿಯ ದಂಡೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಅಂದಿನಿಂದ ಕುಡಿತ ನಿಂತಿತು, ಅದಕ್ಕೆ ಆಣೆ ಪ್ರಮಾಣ ಏನೂ ಬೇಕಾಗಲಿಲ್ಲ.

ಲೈಸೆನ್ಸ್ ಹೋಯಿತು. ಹಿಮದ ಲಾರಿ ಪಂಚಾಯ್ತಿ ಅಧ್ಯಕ್ಷನ ಭಾವಮೈದುನ ಗಾರ್ಡಿಯ ಪಾಲಾಯಿತು, ಸದ್ಯಕ್ಕೆ ಎಂಬ ಹೆಸರಿನಲ್ಲಿ. ಲಾರಿಗೆ ಎರಡು ಕೀ ಇದ್ದವು. ಅವಳ ಹತ್ತಿರವಿದ್ದದ್ದನ್ನು ವಾಪಸ್ ಕೊಡು ಎಂದು ಕೇಳಲು ಅಧ್ಯಕ್ಷನಿಗೆ ಸಂಕೋಚ, ತಾನಾಗಿ ಕೊಡಲು ಅವಳಿಗೆ ಸಂಕಟ. ನಮ್ಮ ಕಡೆ ಹೀಗೇ, ಇಂಥ ಮಾತನ್ನು ಯಾರೂ ಎತ್ತುವುದಿಲ್ಲ. ಆ ಕೀ ಅವಳ ಕೋಟಿನ ಜೇಬಿನಲ್ಲೇ ಉಳಿಯಿತು. ಮಿಲೋನ ಬಾರಿನಲ್ಲಿ ಕಾಫಿ ಕುಡಿಯಲು ಕೂತಾಗ ಅವಳು ಎರಡು ಕೈಯಲ್ಲೂ ಕಪ್ಪು ಹಿಡಿದಿರುತ್ತಿದ್ದಳು, ಕೈ ತಪ್ಪಿಯೂ ಜೇಬಿಗೆ ಹೋಗದಿರಲಿ ಎಂದು.

"ಏನ್ ಆರ್ಡಿಸ್, ಮೇಜು ಬಿಕೋ ಅಂತಿದೆ" ಎಂದು ಗಾರ್ಡಿ ತನ್ನ ಕೀ ಗೊಂಚಲನ್ನು ಝಣ್ ಎಂದು ಬೀಳಿಸುತ್ತಿದ್ದ. ಬಾಯಿ ಜೋರು, ಕೈ ಅಷ್ಟಕ್ಕಷ್ಟೇ. ಅವನು ಲಾರಿ ಹತ್ತಿದ ಮೊದಲ ಹಿಮಕ್ಕೇ ಊರಿನ ಅರ್ಧ ಅಂಚೆಡಬ್ಬಿಗಳು ಅಂಗಾತ ಮಲಗಿದವು. "ಡಬ್ಬಿಗಳನ್ನ ರಸ್ತೆಗೆ ಹತ್ರ ನೆಟ್ಟವ್ರೆ" ಎಂದು ಅವನು ಊರಿನ ಮೇಲೇ ತಪ್ಪು ಹೊರಿಸಿದ.

ಮಾವಿಸ್ ಆರ್ಡಿಸ್‌ಗೆ ಮೊದಮೊದಲು ಬುದ್ಧಿ ಹೇಳಿದಳು. "ಹಿಂದಿನ ರಸ್ತೇಲಿ ಓಡಿಸ್ಕೊಂಡು ಹೋಗೇ. ಎಲ್ಲಾರೂ ಮಾಡೋದೇ ಅದು. ಯಾರ್ ನೋಡ್ತಾರೆ?"

"ಆ ರಸ್ತೇಲೂ ಮಕ್ಕಳು ಬಸ್ಸಿಗೆ ನಿಂತಿರ್ತವೆ ಮಾವಿಸ್."

"ಈಗ ಕುಡ್ದಿಲ್ವಲ್ಲ ನೀನು."

"ಓಡಿಸ್ಬೇಡ ಅಂದಿದಾರೆ. ಓಡಿಸಲ್ಲ."

ಬೇಸಿಗೆಯೆಲ್ಲ ನಡೆದಳು. ಚಳಿಗಾಲ ಬಂದಾಗ ಅವಳ ಕಣ್ಣು ಚರ್ಚಿನ ಅಂಗಳದ ಮೇಲೆ ಬಿತ್ತು. ಅವಳಜ್ಜಿ ನಾರ್ವೆಯಿಂದ ಹಡಗಿನಲ್ಲಿ ತಂದ ಒದೆಬಂಡಿ ಅಲ್ಲಿತ್ತು. ಎರಡು ಉದ್ದನೆಯ ಕಬ್ಬಿಣದ ಪಟ್ಟಿ, ಅದರ ಮೇಲೆ ಒಂದು ಮರದ ಕುರ್ಚಿ, ಕುರ್ಚಿಯ ಬೆನ್ನಿಗೆ ಹಿಡಿ. ಹಿಂದೆ ನಿಂತು, ಒಂದು ಕಾಲನ್ನು ಪಟ್ಟಿಯ ಮೇಲಿಟ್ಟು, ಇನ್ನೊಂದು ಕಾಲಿನಿಂದ ನೆಲ ಒದ್ದರೆ ಹಿಮದ ಮೇಲೆ ಜಾರಿಕೊಂಡು ಹೋಗುತ್ತದೆ. ಅಜ್ಜಿ ಸತ್ತ ಮೇಲೆ ಚರ್ಚಿನ ಹೆಂಗಸರು ಅದರ ಕುರ್ಚಿಯಲ್ಲಿ ಹೂಕುಂಡ ಇಟ್ಟು ಶೃಂಗಾರ ಮಾಡಿದ್ದರು. ಆರ್ಡಿಸ್ ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಕುಂಡವನ್ನು ಎತ್ತಿ ಮೆಟ್ಟಿಲ ಮೇಲಿಟ್ಟಳು.

"ನಮ್ಮ ಹೂವನ್ನ ಎಲ್ಲಿಡೋದು?" ಎಂದಳು ಆ ಹೆಂಗಸರ ಮುಂದಾಳಾಗಿದ್ದ ಮಾವಿಸ್.

"ಈ ಚಳೀಲಿ ಯಾವ ಹೂವೇ? ಬರೀ ಮಣ್ಣಿದೆ ಇದರಲ್ಲಿ" ಎಂದು ಆರ್ಡಿಸ್ ಬಂಡಿ ತಳ್ಳಿಕೊಂಡು ಹೊರಟೇಬಿಟ್ಟಳು.

ಊರೆಲ್ಲ ನಕ್ಕಿತು. ಆ ಆಳೆತ್ತರದ ಹೆಂಗಸು ಅಜ್ಜಿಯ ಕುರ್ಚಿ ಹಿಡಿದು, ಒಂದು ಕಾಲು ಬೀಸುತ್ತ, ಕುರ್ಚಿಯಲ್ಲಿ ಸಾಮಾನಿನ ಚೀಲ ಕೂರಿಸಿಕೊಂಡು ಹೋಗುವುದನ್ನು ನೋಡಿ ನಾನೂ ನಕ್ಕಿದ್ದೇನೆ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಡಿಸಿಕೊಂಡಳು, ಆದರೂ ಒದೆಯುತ್ತ ಹೋದಳು.

ವರ್ಷ ತುಂಬಿತು, ವಿಚಾರಣೆ ಒಂದು ಶುಕ್ರವಾರಕ್ಕೆ ಬಿತ್ತು. ಮುಂದಿನ ಸೋಮವಾರವೇ ಪಂಚಾಯ್ತಿ ಸಭೆ. ಆರ್ಡಿಸ್ ಲೈಸೆನ್ಸ್ ತಂದರೆ ಲಾರಿ ಅವಳಿಗೆ, ತರದಿದ್ದರೆ ಗಾರ್ಡಿಗೇ ಖಾಯಂ ಎಂದು ಅಧ್ಯಕ್ಷ ಎಲ್ಲರೆದುರು ಹೇಳಿಬಿಟ್ಟಿದ್ದ. ಅದಕ್ಕೆ ಸರಿಯಾಗಿ ಬುಧವಾರ ಹಿಡಿದ ಹಿಮಗಾಳಿ ಗುರುವಾರ ರಾತ್ರಿಯವರೆಗೂ ಬಡಿಯಿತು. ಶುಕ್ರವಾರ ಬೆಳಿಗ್ಗೆ ಮಾವಿಸಳ ಕಾರಿನ ಚಾವಣಿ ಮಾತ್ರ ಕಾಣುತ್ತಿತ್ತು. ಅವಳೇ ಕರೆದೊಯ್ಯಬೇಕಿತ್ತು. ಗಾರ್ಡಿಯ ಲಾರಿಯ ಸದ್ದೇ ಇಲ್ಲ. ಲಿಂಡಾಲ್ ಒಂಬತ್ತು ಮೈಲಿ.

"ಫೋನ್ ಮಾಡಿ ಬರಕ್ಕಾಗಲ್ಲ ಅನ್ನೇ. ಮುಂದಿನ ತಿಂಗಳು ಕರೀತಾರೆ" ಎಂದಳು ಮಾವಿಸ್.

"ಮುಂದಿನ ತಿಂಗಳು ಹೋಗಿ ಏನ್ ಮಾಡ್ಲಿ, ಗಾರ್ಡಿಗೆ ಕೈ ಬೀಸ್ಲಾ?"

ಬೀಸಿದ ಗಾಳಿ ಒಂದು ಉಪಕಾರ ಮಾಡಿತ್ತು. ಹಿಮದ ಮೇಲ್ಪದರ ಒತ್ತಿ ಗಟ್ಟಿಯಾಗಿತ್ತು, ಗಾಡಿಯ ಗಾಲಿ ಹೂತುಹೋಗುವ ಕಡೆ ಒದೆಬಂಡಿ ಜಾರಿಕೊಂಡು ಹೋಯಿತು. ಮೂರನೆಯ ಮೈಲಿಯಲ್ಲಿ ಹಿಮದ ಲಾರಿ ಸಿಕ್ಕಿತು. ಚರಂಡಿಯಲ್ಲಿ ವಾಲಿಕೊಂಡು ನಿಂತಿತ್ತು. ಗಾರ್ಡಿ ಒಳಗೆ ಕೂತು ಬ್ರೆಡ್ಡು ತಿನ್ನುತ್ತಿದ್ದ. ಕಿಟಕಿ ಇಳಿಸಿದ.

"ಕುರ್ಚಿ ತಗೊಂಡು ಎಲ್ಲಿಗೆ ಸವಾರಿ?"

"ಲಿಂಡಾಲ್‌ಗೆ. ನೀನೇನು, ಇಲ್ಲೇ ಮನೆ ಮಾಡಿದ್ಯಾ?"

"ರಸ್ತೆ ಕಾಣಿಸ್ಲಿಲ್ಲ. ಎಳೆಯೋ ಗಾಡಿ ಬರ್ತಿದೆ."

"ಅದು ಬರಕ್ಕೆ ರಸ್ತೆ ಬಿಡಿಸ್ಬೇಕಲ್ಲ ಗಾರ್ಡಿ. ಯಾರ್ ಬಿಡಿಸ್ತಾರೆ?"

ಗಾರ್ಡಿ ಕಿಟಕಿ ಏರಿಸಿಕೊಂಡ. ಆರ್ಡಿಸ್ ವಾಲಿದ ಲಾರಿಯನ್ನು ಇನ್ನೊಮ್ಮೆ ನೋಡಿದಳು. ಸಿಟ್ಟನ್ನೆಲ್ಲ ಬಲಗಾಲಿಗೆ ಇಳಿಸಿ ಒದ್ದಳು.

ಆರನೆಯ ಮೈಲಿಯಲ್ಲಿ ಕರ್ಟಿಸ್ ಬಂದ, ಹಿಮದಲ್ಲಿ ಜಾರದಂತೆ ನಾಲ್ಕೂ ಗಾಲಿಗೆ ಸರಪಳಿ ಸುತ್ತಿದ ಪೊಲೀಸ್ ಗಾಡಿಯಲ್ಲಿ. ಅವನೂ ಅದೇ ವಿಚಾರಣೆಗೆ ಹೊರಟವನು. "ಹತ್ತಿ ಆರ್ಡಿಸ್. ಮುಖ ನೀಲಿಗಟ್ಟಿದೆ."

"ಪೊಲೀಸ್ ಗಾಡೀಲಿ ಒಂದ್ಸಲ ಕೂತಿದೀನಿ ಮರಿ. ಸಾಕು."

ಹಠ ಎಂದರೆ ಹಠವೇ. ಕರ್ಟಿಸ್ ನಿಧಾನಕ್ಕೆ ಮುಂದೆ ಹೋದ. ಅವನ ಗಾಲಿ ಬಿಟ್ಟ ಗೆರೆಯಲ್ಲಿ ಅವಳ ಬಂಡಿ ಸಲೀಸಾಗಿ ಓಡಿತು. ಅಷ್ಟು ನಿಧಾನಕ್ಕೆ ಅವನು ಯಾಕೆ ಹೋದ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬೆಲ್ ಮೇಡಂ ಬುಧವಾರದಿಂದಲೇ ಲಿಂಡಾಲ್‌ನ ಲಾಡ್ಜಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆ ದಿನ ಬರಬೇಕಾದವರಲ್ಲಿ ಉಳಿದವರೆಲ್ಲ ಫೋನ್ ಮಾಡಿ ತಪ್ಪಿಸಿಕೊಂಡಿದ್ದರು. ಬಾಗಿಲು ತಳ್ಳಿಕೊಂಡು ಹುಬ್ಬಿನ ತುಂಬ ಮಂಜು ಹೊತ್ತ ಆರ್ಡಿಸ್ ಬಂದಾಗ ಅವರು ಒಂದು ಕ್ಷಣ ನೋಡುತ್ತಲೇ ಇದ್ದರು.

"ಬನ್ನಿ, ಕೂತ್ಕೊಳ್ಳಿ. ಕಾಫಿ ತಗೋತೀರಾ?"

ಆರ್ಡಿಸ್ ಕೂತಳು. ಒಂಬತ್ತು ಮೈಲಿ ಒದ್ದು ಬಂದ ಮೈ, ಬೆಚ್ಚನೆಯ ಕೋಣೆ, ಎದುರಿಗೆ ಮೇಜು. ವರ್ಷವಿಡೀ ಕಾದುಕೊಂಡಿದ್ದ ಕೈ ಅವಳನ್ನು ಒಂದು ಮಾತೂ ಕೇಳದೆ ಜೇಬಿಗೆ ಹೋಯಿತು. ಠಣ್ ಎಂದು ಕೀ ಮೇಜಿನ ಮೇಲೆ ಬಿತ್ತು.

ಗೋಡೆಯ ಪಕ್ಕ ಕೂತಿದ್ದ ಕರ್ಟಿಸ್ ಕಣ್ಣು ಮುಚ್ಚಿಕೊಂಡ. ಬೆಲ್ ಮೇಡಂ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದರು.

"ಈ ವರ್ಷ ಗಾಡಿ ಓಡಿಸಿದ್ರಾ?"

"ಇಲ್ಲ."

ಮೇಡಂ ಕೀ ನೋಡಿದರು. ಆರ್ಡಿಸ್ ಕೂಡ ನೋಡಿದಳು, ಆಗಷ್ಟೇ ಅವಳಿಗೆ ಕೈ ಮಾಡಿದ ಕೆಲಸ ಗೊತ್ತಾಯಿತು. "ಇದು ಹಿಮದ ಲಾರಿ ಕೀ. ವಾಪಸ್ ಕೊಡಿ ಅಂತ ಅವ್ರು ಕೇಳ್ಲಿಲ್ಲ, ನನಗೆ ಕೊಡೋ ಮನಸ್ಸಾಗ್ಲಿಲ್ಲ. ಜೇಬಲ್ಲಿಟ್ಕೊಂಡು ಓಡಾಡ್ದೆ, ಅಷ್ಟೇ."

"ಈ ಮೇಜಿನ ಮೇಲೆ ಬಂದ ಪ್ರತಿ ಕೀಗೂ ಒಂದೊಂದು ಕತೆ ಇರತ್ತೆ ಆರ್ಡಿಸ್. ಇವತ್ತು ಹೆಂಗೆ ಬಂದ್ರಿ?"

"ಒದ್ಕೊಂಡು ಬಂದೆ."

"ಏನಂದ್ರಿ?"

ಬಾಯಲ್ಲಿ ವಿವರಿಸುವುದು ಆರ್ಡಿಸ್‌ಗೆ ಆಗದ ಕೆಲಸ. ಅವಳು ಕುರ್ಚಿ ಹಿಂದಕ್ಕೆ ತಳ್ಳಿ, ಎರಡೂ ಬೂಟುಗಳನ್ನು ಬಿಚ್ಚಿ, ಅಡಿ ಮೇಲಾಗಿ ಕೀ ಪಕ್ಕದಲ್ಲಿಟ್ಟಳು. ಎಡಗಾಲಿನ ಬೂಟು ಅಂಗಡಿಯಿಂದ ತಂದಂತೆಯೇ ಇತ್ತು, ಅಡಿಯ ಹಲ್ಲುಗಳೆಲ್ಲ ನೆಟ್ಟಗಿದ್ದವು. ಬಲಗಾಲಿನದು ತಟ್ಟೆಯ ಹಾಗೆ ನುಣ್ಣಗೆ ಸವೆದು, ತೂತು ಬಿದ್ದ ಕಡೆ ಹಳೇ ಟಯರಿನ ತುಂಡು ಹೊಡೆಸಿಕೊಂಡಿತ್ತು, ಆ ಟಯರೂ ಸವೆದಿತ್ತು. ಬೆಲ್ ಮೇಡಂ ಕನ್ನಡಕ ಏರಿಸಿ ಎರಡನ್ನೂ ಎತ್ತಿ ನೋಡಿದರು. ಎದ್ದು ಕಿಟಕಿಗೆ ಹೋದರು. ಕೆಳಗೆ ಮೆಟ್ಟಿಲ ಪಕ್ಕ, ಖಾಲಿ ಬೀದಿಯಲ್ಲಿ, ಒದೆಬಂಡಿ ನಿಂತಿತ್ತು.

"ಇದು ಈ ಚಳಿಗಾಲದ ಎರಡನೇ ಜೊತೆ" ಎಂದಳು ಆರ್ಡಿಸ್. "ಎಡಗಾಲಿಂದು ಎರಡು ಹೊಸಾವು ಉಳ್ಕೊಂಡಿವೆ, ಯಾರಿಗಾದ್ರೂ ಬೇಕಾದ್ರೆ."

ಮೇಡಂ ಕರ್ಟಿಸ್ ಕಡೆ ತಿರುಗಿದರು. ಅವನು ಎದ್ದು ನಿಂತ. "ವರ್ಷವೆಲ್ಲ ಕಾದಿದೀನಿ ಮೇಡಂ. ನಾನೇ ಹಿಡಿದವನಾದ್ರಿಂದ ಒಂದ್ಸಲನಾದ್ರೂ ಓಡಿಸ್ತಾರೆ, ನೋಡೋಣ ಅಂತ. ಒಂದ್ಸಲಾನೂ ಓಡಿಸ್ಲಿಲ್ಲ. ಬೆಳಿಗ್ಗೆ ನಾನೇ ಹತ್ತಿ ಅಂತ ಕರೆದೆ. ನನ್ನ ಗಾಡಿಗೂ ಹತ್ತಲಿಲ್ಲ."

"ಕುಡಿಯೋದು?"

"ಬಿಟ್ಟೆ" ಎಂದಳು ಆರ್ಡಿಸ್. "ಮಕ್ಕಳು ಬಸ್ಸಿಗೆ ನಿಲ್ಲೋ ಕಂಬಕ್ಕೆ ಗುದ್ದಿದ್ದೆ ಮೇಡಂ. ಅದಾದ್ಮೇಲೆ ಗಂಟಲಲ್ಲಿ ಇಳಿಯಲ್ಲ."

ಬೆಲ್ ಮೇಡಂ ಬೂಟುಗಳನ್ನು ಅವಳ ಕಾಲ ಬಳಿ ಇಟ್ಟರು. ತಾವೇ ಬಗ್ಗಿ ಇಟ್ಟರು. ಕೀಯನ್ನು ಎರಡು ಬೆರಳಿನಲ್ಲಿ ಅವಳ ಕಡೆ ಸರಿಸಿದರು. "ಈ ಮೇಜಿನ ಮೇಲೆ ಕೀ ಇಟ್ಟು ಲೈಸೆನ್ಸ್ ತಗೊಂಡು ಹೋಗ್ತಿರೋರು ನೀವೇ ಮೊದಲು. ಈಗ ಕಾಫಿ ಕುಡೀರಿ, ತಣ್ಣಗಾಗತ್ತೆ."

ಹಿಂದಿರುಗುವಾಗ ಆರ್ಡಿಸ್ ಪೊಲೀಸ್ ಗಾಡಿ ಹತ್ತಿದಳು, ಮುಂದಿನ ಸೀಟಿಗೆ. ಒದೆಬಂಡಿಯನ್ನು ಚಾವಣಿಗೆ ಕಟ್ಟಿದ್ದರು. ಗಾರ್ಡಿ ಇನ್ನೂ ಚರಂಡಿಯಲ್ಲೇ ಇದ್ದ, ಬ್ರೆಡ್ಡು ಮುಗಿದಿತ್ತು. "ಸರಿ ಆ ಕಡೆ" ಎಂದಳು ಆರ್ಡಿಸ್. ಗಾರ್ಡಿ ಸರಿದ. ಅವಳು ತನ್ನ ಕೀ ಹಾಕಿ ತಿರುಗಿಸಿ, ಅಲಗನ್ನು ನೆಲಕ್ಕೆ ಒತ್ತಿ ಲಾರಿಯ ಮೂತಿಯನ್ನು ಎತ್ತಿ, ಹಿಂದಕ್ಕೊಂದು ಮುಂದಕ್ಕೊಂದು ತೂಗಿ ತೂಗಿ ರಸ್ತೆಗೆ ತಂದಳು. ಗಾರ್ಡಿ ಊರು ಬರುವವರೆಗೆ ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡಿದ್ದ.

ಆ ದಿನ ಸ್ಟೆನ್‌ವಿಕ್‌ನಲ್ಲಿ ಯಾರೂ ಮಗ್ಗುಲು ಬದಲಾಯಿಸಿ ಮಲಗಲಿಲ್ಲ. ಲಾರಿಯ ಸದ್ದು ದೂರದಿಂದ ಕೇಳಿತು, ಮೊದಲ ಅಂಚೆಡಬ್ಬಿಯ ಹತ್ತಿರ ತಗ್ಗಿತು, ಮತ್ತೆ ಏರಿತು. ಗಾರ್ಡಿ ತಗ್ಗಿಸುವವನಲ್ಲ. ಜನ ಕಿಟಕಿಗೆ ಬಂದರು. ಮಾವಿಸ್ ಮನೆಯುಡುಪಿನಲ್ಲೇ ಹೊಸ್ತಿಲಿಗೆ ಓಡಿಬಂದು ಅಡುಗೆ ಬಟ್ಟೆ ಬೀಸಿದಳು. ಆರ್ಡಿಸ್ ಎರಡು ಸಲ ಹಾರನ್ ಹೊಡೆದಳು. ಇಪ್ಪತ್ತೆರಡು ಚಳಿಗಾಲದಲ್ಲಿ ಅವಳು ಸುಮ್ಮನೆ ಹಾರನ್ ಹೊಡೆದದ್ದು ಅದೊಂದೇ ದಿನ. ಸೋಮವಾರದ ಸಭೆಯಲ್ಲಿ ಅಧ್ಯಕ್ಷ ಲಾರಿಯ ವಿಷಯವನ್ನೇ ಎತ್ತಲಿಲ್ಲ. ಹೊಸ ಅಂಚೆಡಬ್ಬಿಗಳ ವಿಷಯ ಮಾತಾಡಿ ಎದ್ದರು.

ಮುಂದಿನ ಶನಿವಾರ ಮಾಂಸದ ಲಾಟರಿ. ಮಿಲೋನ ದೊಡ್ಡ ಮೇಜಿನ ಮೇಲೆ ಎಂದಿನಂತೆ ಕೀಗಳು ರಾಶಿ ಬಿದ್ದಿದ್ದವು. ಆರ್ಡಿಸ್ ಬಂದು ಕೂತು ತನ್ನ ಕೈಗವಸು ತೆಗೆದಿಟ್ಟಳು. ಎಲ್ಲರೂ ಕಾದರು.

"ಕೀ ಎಲ್ಲಿ?" ಎಂದ ಗಾರ್ಡಿ. ಅವನು ಆಗಲೇ ಕುಡಿದು ಕೆಂಪೇರಿದ್ದ. "ಈಗ ಇಡ್ಬೋದಲ್ಲ ನೀನು."

"ಮನೇಲಿದೆ. ಇಲ್ಲಿಗೆ ಯಾಕೆ ಅದು?" ಎಂದು ಅವಳು ಮಿಲೋನಿಗೆ ಕಾಫಿ ಹೇಳಿದಳು.

ಆ ದಿನ ಹಂದಿ ತೊಡೆ ಗಾರ್ಡಿಗೆ ಬಂತು. ಗೆದ್ದ ಖುಷಿಗೆ ಒಂದು ಗ್ಲಾಸು ಎಂದ, ಲಾರಿ ಹೋದ ದುಃಖಕ್ಕೆ ಇನ್ನೊಂದು ಎಂದ. ಬೆಳಕು ಇಳಿಯುವ ಹೊತ್ತಿಗೆ ಎದ್ದು ನಿಂತು ಕೀಗಳ ರಾಶಿಗೆ ಕೈ ಹಾಕಿದ. ಅದರ ಮೇಲೆ ಆರ್ಡಿಸಳ ಕೈ ಬಿತ್ತು.

"ಬಿಡೇ. ನಾನು ಸರಿಯಾಗೇ ಇದೀನಿ."

"ನಾನೂ ಸರಿಯಾಗೇ ಇದ್ದೆ ಗಾರ್ಡಿ. ಎದ್ದೇಳು."

ಅವಳ ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ, ಅದಕ್ಕೇ ಇರಬೇಕು, ಅವನು ಎದ್ದ. ಆಚೆ ಕರೆದೊಯ್ದು ಅಜ್ಜಿಯ ಕುರ್ಚಿಯಲ್ಲಿ ಕೂರಿಸಿದಳು, ಹಂದಿ ತೊಡೆಯನ್ನು ಮಗುವಿನಂತೆ ಅವನ ಮಡಿಲಿಗಿಟ್ಟಳು. ನಾವೆಲ್ಲ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತು ನೋಡಿದೆವು, ಆದರೆ ಯಾರಿಗೂ ನಗಬೇಕು ಅನ್ನಿಸಲಿಲ್ಲ. ಬಂಡಿ ತಿರುವು ದಾಟುವಾಗ, ಮಕ್ಕಳ ಕಂಬದ ಹತ್ತಿರ, ಅವಳು ಒದೆಯುವುದನ್ನು ನಿಲ್ಲಿಸಿ ಮೆಲ್ಲಗೆ ಹಾದುಹೋದಳು. ಒಳಗೆ ಬಂದು ನೋಡಿದರೆ ಗಾರ್ಡಿಯ ಕೀ ಮೇಜಿನ ಮೇಲೇ ಇತ್ತು. ಬೆಳಗಾಗುವವರೆಗೆ ಅಲ್ಲೇ ಇತ್ತು. ಅದರ ಪಕ್ಕದಲ್ಲಿ, ನಡೆದೇ ಮನೆಗೆ ಹೋದ ಲೀರಾಯ್‌ನದೂ ಇತ್ತು.